ಗುಡುಗಪ್ಪನಿಗೆ ಬಂದ ಸದ್ದಿಲ್ಲದ ಕಾರು

ಪರಿಸರ ಇಲಾಖೆಯ ಡ್ರೈವರನಿಗೆ ಗುಡುಗಪ್ಪ ಎಂಬ ಅಡ್ಡಹೆಸರು ಬಂದದ್ದು ಅವನ ಬಾಯಿಂದಲ್ಲ, ಅವನ ಜೀಪಿನಿಂದ. ಬಾಯಿಯ ವಿಷಯಕ್ಕೆ ಬಂದರೆ ಆಸಾಮಿ ಮಹಾ ಮೌನಿ. ಮದುವೆಯ ದಿನ ಅವನು ಆಡಿದ್ದು "ಹೂಂ" ಒಂದೇ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವನ ಪಾಲಿನ ಮಾತನ್ನೆಲ್ಲ ಆ ಹಳೇ ಡೀಸೆಲ್ ಜೀಪು ಆಡುತ್ತಿತ್ತು. ಸಂಜೆ ಅದು ಬೀದಿಯ ತಿರುವಿಗೆ ಬಂದರೆ ಸಾಕು, ಮನೆಯಲ್ಲಿ ಹೆಂಡತಿ ಟೀಗೆ ನೀರಿಡುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಶಾಪ ಹಾಕುತ್ತ ಒಣಗಿಸಿದ ಬಟ್ಟೆಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿದ್ದಳು. ಹೊಗೆ ಹಾಗಿತ್ತು. ಗಾಳಿಯನ್ನು ಶುದ್ಧವಾಗಿ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಇಲಾಖೆಯ ಸ್ವಂತ ಗಾಡಿ ಅದು.

ಕಚೇರಿಯಲ್ಲಂತೂ ಆ ಸದ್ದಿಗೆ ಭಾರೀ ಮರ್ಯಾದೆ. ನಿರ್ದೇಶಕಿ ಮೇಡಂ ಬೆಳಗಿನಿಂದ ಹೊರಗಿನ ಸಭೆಗಳಲ್ಲೇ ಇರುವವರು. ಅವರಿಲ್ಲದಾಗ ಎರಡನೇ ಮಹಡಿಯಲ್ಲಿ ಕಿಟಕಿ ತೆರೆದಿಟ್ಟುಕೊಂಡೇ ಏಸಿ ಓಡುತ್ತಿತ್ತು. ಖಾಲಿ ಕೋಣೆಗಳಲ್ಲಿ ದೀಪಗಳು ಉರಿಯುತ್ತಿದ್ದವು. ಪ್ಲಾಸ್ಟಿಕ್ ಲೋಟದಲ್ಲಿ ಟೀ ಕುಡಿದು, ಸಿಗರೇಟಿನ ಬೂದಿಯನ್ನೂ ಅದರಲ್ಲೇ ಉದುರಿಸುತ್ತಿದ್ದರು. ಜೀಪಿನ ಗುಡುಗು ಕೇಳಿಸಿತೋ, ಮೇಡಂ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ದೀಪ ಆರಿ, ಕಿಟಕಿ ಮುಚ್ಚಿ, ಪ್ಲಾಸ್ಟಿಕ್ಕೆಲ್ಲ ಬೀರು ಸೇರಿ, ಸ್ಟೀಲ್ ಲೋಟಗಳು ಮೇಜಿನ ಮೇಲೆ ಪಳಪಳ ಹೊಳೆಯುತ್ತಿದ್ದವು. ನಿಜ ಹೇಳಬೇಕೆಂದರೆ ಆ ಕಚೇರಿಯನ್ನು ಹಸಿರಾಗಿಟ್ಟಿದ್ದು ಆ ಕಪ್ಪು ಹೊಗೆಯೇ. ಅದಕ್ಕೆ ಪ್ರತಿಯಾಗಿ ಗುಡುಗಪ್ಪನಿಗೆ ಫ್ಯಾನಿನ ಕೆಳಗೊಂದು ಕುರ್ಚಿ, ಬಿಸಿ ಟೀ, "ಏನಣ್ಣಾ, ಆರಾಮಾ?" ಎಂಬ ಉಪಚಾರ. ಅದೆಲ್ಲ ತನ್ನ ಒಳ್ಳೆಯತನಕ್ಕೆ ಸಿಗುತ್ತಿದೆ ಎಂದು ಪಾಪ, ಅವನು ನಂಬಿದ್ದ.

ಮೇಡಂಗೆ ಒಂದು ಅಭ್ಯಾಸವಿತ್ತು. ಕಚೇರಿಯ ತಿರುವು ಬಂದ ಕೂಡಲೇ "ಇಲ್ಲಿ ಸ್ವಲ್ಪ ನಿಧಾನ ಕಣ್ರಿ" ಎನ್ನುತ್ತಿದ್ದರು. ಬೆನ್ನು ನೋವಿರಬೇಕು ಎಂದುಕೊಂಡು ಗುಡುಗಪ್ಪ ಗೇರ್ ಇಳಿಸುತ್ತಿದ್ದ. ಜೀಪು ಇನ್ನೂ ಜೋರಾಗಿ ಗುಡುಗುತ್ತಿತ್ತು.

ಈ ಏರ್ಪಾಡಿನಲ್ಲಿ ಎಲ್ಲರಿಗಿಂತ ಹೆಚ್ಚು ಸುಖಪಟ್ಟವನು ಅವನ ಭಾಮೈದ, ಹೆಂಡತಿಯ ಮುದ್ದಿನ ತಮ್ಮ. ಅದೇ ಕಚೇರಿಯಲ್ಲಿ ಪ್ಲಾಸ್ಟಿಕ್ ನಿಷೇಧ ವಿಭಾಗದ ಗುಮಾಸ್ತ. ಜನರಿಗೆ ಹಂಚಲೆಂದು ಬಂದ ಬಟ್ಟೆ ಚೀಲಗಳ ಕಟ್ಟುಗಳನ್ನು ಬೀರುಗಳ ಹಿಂದೆ ಸಾಲಾಗಿ ಜೋಡಿಸಿ, ಮೆತ್ತನೆಯ ಹಾಸಿಗೆ ಮಾಡಿಕೊಂಡಿದ್ದ. ಒಂದು ಕಟ್ಟು ತಲೆಗೆ, ಒಂದು ಕಾಲಿಗೆ. ಹಂಚಿಬಿಟ್ಟರೆ ಮಲಗುವುದೆಲ್ಲಿ?

ಹೀಗಿರುವಾಗ ಮೇಲಿನಿಂದ ಆಜ್ಞೆ ಬಂತು: ಸರ್ಕಾರಿ ಗಾಡಿಗಳೆಲ್ಲ ಇನ್ನು ಮೇಲೆ ಕರೆಂಟಿನವು, ಮೊದಲು ಪರಿಸರ ಇಲಾಖೆಯಿಂದಲೇ ಶುರುವಾಗಲಿ. ಜೀಪು ಗುಜರಿಗೆ ಹೋಯಿತು. ಬಿಳಿ ಕಾರೊಂದು ಬಂತು. ಕೀಲಿ ತಿರುಗಿಸಿದರೆ ಉಸಿರೇ ಇಲ್ಲ, ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುವುದಿಲ್ಲ.

ಮೊದಲ ದಿನವೇ ಅದು ಅಡುಗೆಮನೆಗೆ ನುಗ್ಗುವ ಬೆಕ್ಕಿನ ಹಾಗೆ ಗೇಟು ದಾಟಿತು. ಮೇಡಂ ಮೇಲೆ ಹೋದರು. ದೀಪ, ಏಸಿ, ಲೋಟ, ಬೂದಿ, ಎಲ್ಲ ಇದ್ದಲ್ಲೇ ಇದ್ದವು. ಗೊರಕೆಯ ಜಾಡು ಹಿಡಿದು ಬೀರುಗಳ ಹಿಂದೆ ಹೋದವರಿಗೆ ಭಾಮೈದನ ದರ್ಶನವಾಯಿತು. ಬಾಯಿ ತೆರೆದಿತ್ತು, ಹೊಟ್ಟೆಯ ಮೇಲೆ "ಪ್ಲಾಸ್ಟಿಕ್ ಬೇಡ" ಎಂದು ಅಚ್ಚಾದ ಚೀಲ ಹೊದಿಕೆಯಾಗಿತ್ತು.

"ಸೋಮವಾರ ಬೆಳಿಗ್ಗೆ ನನ್ ಮುಂದೆ ಬಂದು ಉತ್ತರ ಕೊಡಿ. ಇಲ್ಲಾಂದ್ರೆ ಊರಾಚೆ ಕಸದ ಗುಡ್ಡಕ್ಕೆ ಎತ್ತಂಗಡಿ!" ಎಂದು ಮೇಡಂ ಕೂಗಿದ್ದು ಕೆಳಗೆ ಕಾರಿನ ಪಕ್ಕ ನಿಂತಿದ್ದ ಗುಡುಗಪ್ಪನಿಗೂ ಕೇಳಿಸಿತು.

ಮರುದಿನದಿಂದ ಟೀ ಬಂದ್. ಕುರ್ಚಿಯ ಮೇಲೆ ಫೈಲುಗಳು ಕೂತವು. ಅಣ್ಣಾ ಎನ್ನುತ್ತಿದ್ದವರೆಲ್ಲ ಅವನನ್ನು ಕಂಡರೆ ಮುಖ ತಿರುಗಿಸಿದರು.

ಮನೆಯಲ್ಲಿ ಇನ್ನೂ ಕಷ್ಟ. "ನನ್ ತಮ್ಮ ಕಸದ ಗುಡ್ಡದಲ್ಲಿ ಕೂರಬೇಕಾ? ಗಾಡಿ ಸದ್ದು ಮಾಡ್ದಿದ್ರೆ ನಿಮಗೇನ್ ಬಾಯಿ ಇರ್ಲಿಲ್ವಾ? ಒಂದ್ಸಲ ಕೆಮ್ಮೋಕೂ ಆಗ್ಲಿಲ್ವಾ?" ಎಂದು ತರಾಟೆಗೆ ತೆಗೆದುಕೊಂಡ ಹೆಂಡತಿ ಆಮೇಲೆ ಮಾತು ಬಿಟ್ಟಳು. ಸಂಜೆ ಅವನು ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ, ಟೀಗೆ ನೀರೂ ಇಡುತ್ತಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ತನಗಾಗಿ ಕಾಯುತ್ತಿದ್ದರೋ ಜೀಪಿಗಾಗಿಯೋ ಎಂದು ಯೋಚಿಸಿ ಅವನಿಗೆ ಅಳುವೇ ಬಂತು.

ಸೋಮವಾರ ಬಂತು. ಮೇಡಂ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕಚೇರಿಯ ತಿರುವು ಹತ್ತಿರವಾಗುತ್ತಿದ್ದಂತೆ ಗುಡುಗಪ್ಪ ಬಾಯಿಬಿಟ್ಟ.

"ಮೇಡಂ, ತಪ್ಪು ನಂದು. ಆ ಜೀಪಿನ ಸದ್ದು ಕೇಳ್ಕೊಂಡೇ ಮೇಲಿನೋರೆಲ್ಲ ಸರಿ ಮಾಡ್ಕೋತಿದ್ರು. ನಿಮಗೆ ಗೊತ್ತಿರ್ಲಿಲ್ಲ."

ಮೇಡಂ ನಕ್ಕರು. "ಗೊತ್ತಿಲ್ದೇ ಏನ್ರೀ? ದಿನಾ ಇಲ್ಲಿ ನಿಧಾನ ಮಾಡಿ ಅಂತ ಯಾಕೆ ಹೇಳ್ತಿದ್ದೆ?"

ಗುಡುಗಪ್ಪನ ಕಾಲು ತಾನಾಗಿ ಬ್ರೇಕ್ ಒತ್ತಿತು. ಕಾರು ತಿರುವಿನಲ್ಲಿ, ಇಲಾಖೆಯೇ ನೆಟ್ಟಿದ್ದ "ಹಾರ್ನ್ ಮಾಡಬೇಡಿ" ಫಲಕದ ಕೆಳಗೆ ನಿಂತಿತು.

"ಅವ್ರು ಸರಿ ಮಾಡ್ಕೊಳ್ಳೋಕೆ ಟೈಮ್ ಕೊಡ್ತಿದ್ದೆ. ನೋಡಿದ್ರೆ ಏನಾದ್ರೂ ಮಾಡ್ಬೇಕಾಗತ್ತಲ್ಲ, ಅದಕ್ಕೇ ನೋಡ್ತಿರ್ಲಿಲ್ಲ" ಎಂದರು ಮೇಡಂ. "ಈಗ್ಲೂ ಬೇಕಿದ್ರೆ ಒಂದು ಹಾರ್ನ್ ಹೊಡೀರಿ. ನಿಮ್ ಭಾಮೈದನ ವಿಷಯ ಇಲ್ಲಿಗೇ ಬಿಟ್ಬಿಡ್ತೀನಿ. ಎಲ್ಲ ಹಳೇ ಥರಾನೇ ಇರ್ಲಿ."

ಗುಡುಗಪ್ಪನ ಹೆಬ್ಬೆರಳು ಹಾರ್ನಿನ ಮೇಲೆ ಹೋಯಿತು. ಒಂದು ಸಲ ಒತ್ತಿದರೆ ಭಾಮೈದ ಉಳಿಯುತ್ತಾನೆ, ಹೆಂಡತಿ ಮಾತಾಡುತ್ತಾಳೆ, ಟೀ ಬರುತ್ತದೆ. ಆ ಟೀ ನೆನಪಾದದ್ದೇ ಅವನಿಗೆ ಮೈಯೆಲ್ಲ ಉರಿಯಿತು. ಕಚೇರಿಯವರು ಇಷ್ಟು ವರ್ಷ ಟೀ ಕೊಟ್ಟದ್ದು ಜೀಪಿನ ಸೈಲೆನ್ಸರಿಗೆ, ತನಗಲ್ಲ.

"ಹೊಡೆಯಲ್ಲ ಮೇಡಂ."

"ನಿಮ್ ಹೆಂಡ್ತಿ ತಮ್ಮ ಅಲ್ವೇನ್ರೀ?"

"ಹೌದು. ಅದಕ್ಕೇ. ಅವ್ನು ಮಲಗಿದ್ದು ನನ್ ಸದ್ದಿನ ಧೈರ್ಯದ ಮೇಲೆ."

ಕಾರು ಸದ್ದಿಲ್ಲದೆ ಒಳಗೆ ಹೋಯಿತು. ಈ ಸಲ ಗುಡುಗಪ್ಪನೂ ಮೇಡಂ ಹಿಂದೆ ಮೆಟ್ಟಿಲು ಹತ್ತಿದ. ಭಾಮೈದ ಏನು ಉತ್ತರ ಕೊಡುವುದೆಂದು ಯೋಚಿಸಿ ಯೋಚಿಸಿ ದಣಿದು, ಅದೇ ಚೀಲಗಳ ಮೇಲೆ ಮತ್ತೆ ಗೊರಕೆ ಹೊಡೆಯುತ್ತಿದ್ದ. ಮೇಡಂ ಅವನನ್ನು ನೋಡಿದರು, ಗುಡುಗಪ್ಪನನ್ನು ನೋಡಿದರು, ತಡೆಯಲಾರದೆ ನಕ್ಕುಬಿಟ್ಟರು.

"ಎತ್ತಂಗಡಿ ಬೇಡ" ಎಂದರು. "ಇವತ್ತಿಂದ ಮಾರ್ಕೆಟ್ಟಲ್ಲಿ ನಿಂತು ಈ ಹಾಸಿಗೇನ ಒಂದೊಂದೇ ಚೀಲವಾಗಿ ಹಂಚಲಿ. ಖಾಲಿ ಆಗೋವರೆಗೂ ಇಲ್ಲಿ ಕುರ್ಚಿ ಇಲ್ಲ." ಆಮೇಲೆ ಒಬ್ಬರೇ ಹೋಗಿ ಉರಿಯುತ್ತಿದ್ದ ದೀಪಗಳನ್ನೆಲ್ಲ ಆರಿಸಿದರು.

ಸಂಜೆ ಗುಡುಗಪ್ಪ ಕಾರನ್ನು ಮನೆಯ ಮುಂದೆ ನಿಲ್ಲಿಸಿದ. ಬೀದಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ, ಅಜ್ಜಿಯ ಬಟ್ಟೆಗಳು ತಮ್ಮ ಪಾಡಿಗೆ ಒಣಗುತ್ತಿದ್ದವು. ಒಳಗಿನಿಂದ ಭಾಮೈದನ ನರಳಾಟ ಕೇಳಿಸುತ್ತಿತ್ತು. ದಿನವಿಡೀ ನಿಂತು ಕಾಲು ಊದಿಕೊಂಡಿದೆಯಂತೆ, ಭಾವ ಒಂದು ಹಾರ್ನ್ ಹೊಡೆದಿದ್ದರೆ ಸಾಕಿತ್ತಂತೆ. ಎಲ್ಲ ಅಕ್ಕನ ಕಿವಿಗೆ ಮುಟ್ಟಿಯಾಗಿತ್ತು.

ಗುಡುಗಪ್ಪ ಬಾಗಿಲ ಹೊರಗೆ ತುಂಬಾ ಹೊತ್ತು ನಿಂತ. ಜೀಪಿದ್ದರೆ ಅದೇ ಹೇಳುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ, ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ನಾನು ಬಂದೆ ಕಣೇ!"

ಒಳಗೆ ನರಳಾಟ ನಿಂತಿತು. ಅಜ್ಜಿ ಕಿಟಕಿ ತೆರೆದು ಇಣುಕಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಠಣ್ ಎಂದು ಒಲೆಯ ಮೇಲೆ ಕುಕ್ಕಿದ ಸದ್ದಾಯಿತು.

"ಕೇಳಿಸ್ತು, ಬನ್ನಿ ಒಳಗೆ" ಎಂದಳು ಹೆಂಡತಿ. "ನೀರಿಟ್ಟಿದೀನಿ."