ಕಲ್ಲುಕೋರೆಯ ನೀರಿಗೆ ಯಾವ ಬೆಳಕು?

"ಎಷ್ಟು?"

"ಮೂರು."

"ಅಲ್ಲ. ಸರಿಯಾಗಿ ನೋಡು ಅಣ್ಣ."

ಕಾರ್ಕಳದ ಹೊರಗೆ, ಕೆಲಸ ನಿಂತುಹೋದ ಕಲ್ಲುಕೋರೆಯೊಂದರ ದಂಡೆಯಲ್ಲಿ ಈಗಷ್ಟೇ ಬೆಳಗಾಗುತ್ತಿದೆ. ಬಂಡೆಯ ಮೇಲೆ ಒಂದು ಬಕೆಟ್ಟು. ಅದರಲ್ಲಿ ಕೋರೆಯದೇ ನೀರು, ಕೆಸರು ಕದಡಿದ್ದು. ವಿನೋದಕ್ಕ ಅದರಲ್ಲಿ ಮೊಣಕೈಯವರೆಗೆ ಕೈ ಮುಳುಗಿಸಿ ಕೆಲವು ಬೆರಳು ಮಡಚಿ, ಕೆಲವು ಬಿಡಿಸಿ ಹಿಡಿದಿದ್ದಾರೆ. ಅವರ ಅಣ್ಣ ಶೀನಣ್ಣ ಟಾರ್ಚನ್ನು ನೀರಿಗೆ ಅದ್ದಿ, ಬಗ್ಗಿ ನೋಡಿ, ಬೆರಳೆಷ್ಟು ಎಂದು ಹೇಳಬೇಕು. ಸರಿಯಾದರೆ ಕೋರೆಗೆ ಇಳಿಯಬಹುದು. ತಪ್ಪಿದರೆ ಸೆಲ್ ಬದಲಾಯಿಸಿ, ಗಾಜು ಒರೆಸಿ ಮತ್ತೆ ನೋಡಬೇಕು. ಇದು ಅಣ್ಣ ತಂಗಿಯರ ಕಟ್ಟಳೆ. ಪೊಲೀಸರು ಬಂದು ಅವಸರಪಡಿಸಿದರೂ ಇದು ಸಡಿಲವಾಗುವುದಿಲ್ಲ.

ಸ್ವಲ್ಪ ದೂರದಲ್ಲಿ ಚಂಪಾ ಎಂಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಾಳೆ. ಆಕೆಯ ಗಂಡ ಕಲ್ಲು ಒಡೆಯುವವನು. ನಿನ್ನೆ ಕೆಲಸ ಮುಗಿಸಿ ಇಲ್ಲಿ ಮೀಯಲು ಇಳಿದವನು ಮೇಲೆ ಬರಲಿಲ್ಲ. ಊರವರು ಕತ್ತಲಾಗುವ ತನಕ ಪಾತಾಳಗರಡಿ ಹಾಕಿ ತಡಕಿದ್ದಾರೆ. ಏನೂ ಸಿಕ್ಕಿಲ್ಲ. ಉಳಿದಿರುವುದು ಒಂದೇ ಜಾಗ: ನೀರಿನಡಿಯಲ್ಲಿ ಬಂಡೆಯ ಕೆಳಗೆ ಸಿಡಿಮದ್ದು ಕೊರೆದು ಬಿಟ್ಟ ಗುಹೆ. ಅದರೊಳಗೆ ಹೋಗಿ ಬರುವ ಎದೆ ಈ ಸುತ್ತಮುತ್ತ ಇರುವುದು ಶೀನಣ್ಣನಿಗೆ ಮಾತ್ರ.

ಶೀನಣ್ಣ ಕಾಪುವಿನವರು. ಹುಟ್ಟಿನಿಂದ ಕಡಲಿನ ಮನುಷ್ಯ. ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಬಲೆ ಕಲ್ಲಿಗೆ ಸಿಕ್ಕಿಕೊಂಡರೆ ಉಸಿರು ಹಿಡಿದು ಮುಳುಗಿ ಬಿಡಿಸುವುದು ಇವರ ಪಾಲಿನ ಕೆಲಸವಾಗಿತ್ತು. ದೊಡ್ಡ ಯಂತ್ರದ ದೋಣಿಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು, ಮುಳುಗುವ ವಿದ್ಯೆ ಮಾತ್ರ ಉಳಿಯಿತು. ಬಾವಿಗೆ ಬಿದ್ದ ಕೊಡಪಾನ, ಕೆರೆಗೆ ಜಾರಿದ ಪಂಪು, ಹೊಳೆಯ ಮಡುವಿನಲ್ಲಿ ಕಾಣೆಯಾದ ಮನುಷ್ಯ, ಎಲ್ಲದಕ್ಕೂ ಜನ ಇವರನ್ನೇ ಹುಡುಕುತ್ತಾರೆ. ಮನೆಗೆ ಫೋನು ಇಲ್ಲ. ಉಡುಪಿ ಕಡೆಯ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನೊಬ್ಬ ಕಾಪು ಪೇಟೆಯಲ್ಲಿ ಇಳಿದು, "ಶೀನಣ್ಣನಿಗೆ ಹೇಳಿ, ಇಂಥ ಊರಿಗೆ ಬರಬೇಕಂತೆ" ಎಂದು ಕೂಗಿ ಹೋದರೆ ಅದೇ ತಂತಿ. ಹೆಣ ತೆಗೆದ ದಿನ ಅವರು ನೇರ ಮನೆಗೆ ಹೋಗುವುದಿಲ್ಲ, ಕಡಲಲ್ಲಿ ಮಿಂದು ಹೋಗುತ್ತಾರೆ. "ಮನೆಯ ಬಾವಿಯ ನೀರು ಮೈಗೆ ಹಾಕಲಿಕ್ಕೆ ಮನಸ್ಸು ಬರುವುದಿಲ್ಲ," ಎನ್ನುತ್ತಾರೆ.

ಅವರ ಟಾರ್ಚ್ ನೋಡಿದರೆ ನಗು ಬರಬೇಕು. ಅಂಗಡಿಯಲ್ಲಿ ಸಿಗುವ ಮೂರು ಸೆಲ್ಲಿನದು. ಗಾಜಿನ ಸುತ್ತ ಮೇಣ, ಮೈಗೆಲ್ಲ ಸೈಕಲ್ ಟ್ಯೂಬು ಬಿಗಿದಿದೆ. ಬೆಳಕು ಹಳದಿ, ಕೋಲಿನಷ್ಟೇ ಅಗಲ. ಇಷ್ಟು ಹೆಸರಿರುವ ಮನುಷ್ಯ ಇಂಥದ್ದನ್ನು ಯಾಕೆ ಹಿಡಿದುಕೊಂಡು ಹೋಗುತ್ತಾರೆ ಎಂದು, ಪತ್ರಿಕೆಗೆ ಬರೆಯಲು ಬಂದ ನಾನೂ ಕೇಳಿದೆ. ಅವರು ಟ್ಯೂಬು ಬಿಗಿಯುತ್ತಾ ಕುಳಿತರು. ಉತ್ತರ ಕೊಟ್ಟದ್ದು ವಿನೋದಕ್ಕ.

ಎಂಟು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಈ ಕೆಲಸಕ್ಕೆ ಇಬ್ಬರು ಹೋಗುತ್ತಿದ್ದರು: ಶೀನಣ್ಣ ಮತ್ತು ವಿನೋದಕ್ಕನ ಗಂಡ ದೇವದಾಸ. ಆಗ ಶಂಕರಪುರದ ಲಿಯೋನೆಲ್ ಎಂಬ ಗೆಳೆಯ ಬಹ್ರೈನಿನಿಂದ ರಜೆಯಲ್ಲಿ ಬಂದ. ಅಲ್ಲಿ ಅವನು ಹಡಗು ರಿಪೇರಿಯವರ ಜೊತೆ ಇದ್ದವನು. ಮುಳುಗುವವರೇ ಬಳಸುವ ದಪ್ಪ ಟಾರ್ಚೊಂದನ್ನು ಪ್ರೀತಿಯಿಂದ ತಂದುಕೊಟ್ಟ. ಹಾಕಿದರೆ ಬಿಳಿ ಬೆಳಕು, ಇಡೀ ಬಾವಿ ತುಂಬುವಷ್ಟು. ನಮ್ಮ ಕಡೆ ತಂಗಿಯ ಗಂಡನೆಂದರೆ ಗೊತ್ತಲ್ಲ, ಊಟಕ್ಕೆ ಕೂತರೆ ಮೀನಿನ ನಡುತುಂಡು ಅವನ ಬಟ್ಟಲಿಗೆ. ಶೀನಣ್ಣ ಎರಡನೆಯ ಯೋಚನೆಯಿಲ್ಲದೆ ಹೊಸ ಟಾರ್ಚನ್ನು ಭಾವನಿಗೆ ಕೊಟ್ಟರು. ಹಳೆಯದನ್ನು ತಾವು ಇಟ್ಟುಕೊಂಡರು.

ಮರುವಾರವೇ ಇನ್ನಂಜೆಯಲ್ಲಿ ಒಂದು ಮನೆಯ ಬಾವಿಗೆ ಕೊಡಪಾನ ಬಿತ್ತು. ಕೆಂಪುಕಲ್ಲಿನ ಹಳೆಯ ಬಾವಿ. ತಳದಲ್ಲಿ ಒರತೆ ಕೊರೆದು ಪಕ್ಕಕ್ಕೆ ಗುಹೆಯಾಗಿತ್ತು.

"ಸೊಂಟಕ್ಕೆ ಹಗ್ಗ ಕಟ್ಟಿ ಅಂತ ಅಣ್ಣ ಹೇಳಿದ್ದು ಉಂಟು," ಎನ್ನುತ್ತಾರೆ ವಿನೋದಕ್ಕ. "ನಮ್ಮವರು ನಗಾಡಿದ್ರಂತೆ. ಇಷ್ಟು ಬೆಳಕು ಇರುವಾಗ ಹಗ್ಗ ಎಂತಕ್ಕೆ ಮಾರಾಯ, ಅಂತ. ಗುಹೆಯೊಳಗೆ ಕೆಸರು ಎದ್ದಿತು. ಬಿಳಿ ಬೆಳಕು ಕೆಸರಿಗೆ ಬಿದ್ದರೆ ಎದುರಿಗೆ ಸುಣ್ಣದ ಗೋಡೆ ಕಟ್ಟಿದ ಹಾಗೆ. ಬಾಗಿಲು ಎಲ್ಲಿ ಅಂತ ಕಾಣಲಿಲ್ಲ ಅವರಿಗೆ."

ಭಾವ ಮೇಲೆ ಬಾರದ್ದು ಕಂಡು ಶೀನಣ್ಣ ಧುಮುಕಿದರು. ಕೆಂಪು ನೀರಿನಲ್ಲಿ ಅವರಿಗೆ ದೂರದಿಂದ ಕಂಡದ್ದು ಒಂದು ಬಿಳಿ ಉಂಡೆ. ಅದರ ಕಡೆಗೇ ಈಜಿದರು. ಮುಟ್ಟುವಾಗ ಭಾವನ ಉಸಿರು ಹೋಗಿತ್ತು. ಕೈಯಲ್ಲಿ ಟಾರ್ಚ್ ಇನ್ನೂ ಉರಿಯುತ್ತಿತ್ತು.

ಒಂದು ಕೊಡಪಾನಕ್ಕೆ!

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ವಿನೋದಕ್ಕ ಅಣ್ಣನಲ್ಲಿ ಹೇಳಿದ್ದು ಒಂದೇ ಮಾತು: ಇನ್ನು ಹಗ್ಗ ಹಿಡಿಯುವುದು ನಾನು, ಯಾವ ಬೆಳಕು ಎಂದು ನಿರ್ಧರಿಸುವುದೂ ನಾನು. ಬಕೆಟ್ಟಿನ ಕಟ್ಟಳೆ ಶುರುವಾದದ್ದು ಹೀಗೆ. ಮೂರು ಸೆಲ್ಲಿನ ಸಪೂರ ಬೆಳಕು ಗೆದ್ದದ್ದೂ ಹೀಗೆ. ಆದರೆ ತಪ್ಪು ನಿನ್ನದು ಎಂದಾಗಲಿ, ಅಲ್ಲ ಎಂದಾಗಲಿ ಆಕೆ ಹೇಳಲಿಲ್ಲ. ಶೀನಣ್ಣ ಕೇಳಲೂ ಇಲ್ಲ. ಒಂದೇ ಮನೆಯಲ್ಲಿ, ಒಂದೇ ಹಗ್ಗದ ಎರಡು ತುದಿಯಲ್ಲಿ, ಆ ಮಾತನ್ನು ನಡುವೆ ಇಟ್ಟುಕೊಂಡು ಇಬ್ಬರೂ ದಿನ ಕಳೆಯುತ್ತಿದ್ದಾರೆ.

ಕೋರೆಯ ದಂಡೆಯಲ್ಲಿ ಸೆಲ್ ಬದಲಾಗಿದೆ. ಬಕೆಟ್ಟಿನಲ್ಲಿ ಮತ್ತೆ ಬೆರಳು.

"ಎರಡು," ಎನ್ನುತ್ತಾರೆ ಶೀನಣ್ಣ.

ವಿನೋದಕ್ಕ ಕೈಯನ್ನು ಹಾಗೆಯೇ ಮೇಲೆತ್ತುತ್ತಾರೆ. ನಾಲ್ಕು ಬೆರಳು.

ಶೀನಣ್ಣನ ಕಣ್ಣಿಗೆ ಪೊರೆ ಬಂದಿದೆ. ಮಣಿಪಾಲದ ಡಾಕ್ಟರು ಹೋದ ವರ್ಷವೇ ಆಪರೇಷನ್ ಆಗಬೇಕು, ಆಮೇಲೆ ಕೆಲವು ತಿಂಗಳು ನೀರಿಗೆ ಇಳಿಯಬಾರದು ಎಂದಿದ್ದಾರೆ. ಆ ತಿಂಗಳುಗಳಲ್ಲಿ ಯಾರಾದರೂ ಮುಳುಗಿದರೆ ಎಂತ ಮಾಡುವುದು ಎಂದು ಇವರು ಮುಂದೂಡುತ್ತಲೇ ಬಂದಿದ್ದಾರೆ. ಇವತ್ತು ಬಕೆಟ್ಟು ಅದನ್ನು ಎಲ್ಲರೆದುರು ಹೇಳಿಬಿಟ್ಟಿದೆ.

ವಿನೋದಕ್ಕ ಹಗ್ಗ ಸುತ್ತತೊಡಗುತ್ತಾರೆ. ಚಂಪಾ ಎದ್ದು ಬಂದು ಅವರ ಎರಡೂ ಕೈ ಹಿಡಿಯುತ್ತಾಳೆ. "ಅಕ್ಕಾ, ಮುಖ ನೋಡದೆ ನಾನು ಹೇಗೆ ಮನೆಗೆ ಹೋಗಲಿ?"

ವಿನೋದಕ್ಕ ಹಗ್ಗವನ್ನು ಕೆಳಗಿಡುತ್ತಾರೆ. ಗಂಡನ ಮುಖವನ್ನಾದರೂ ನೋಡಿದ ಹೆಂಗಸು ಅವರು. ಆಮೇಲೆ ಚೀಲದ ತಳದಿಂದ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆಯುತ್ತಾರೆ. ಬಹ್ರೈನಿನ ಟಾರ್ಚ್. ಯಾಕೋ ಎಲ್ಲಿಗೆ ಹೋದರೂ ಅದು ಚೀಲದಲ್ಲಿರುತ್ತದೆ, ಎಂಟು ವರ್ಷದಲ್ಲಿ ಉರಿದಿಲ್ಲ. ಶೀನಣ್ಣ ಅದನ್ನು ಕಂಡವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಅದು ನನ್ನ ಕೈಗೆ ಬೇಡ."

"ಕೈಗೆ ಅಲ್ಲ ಅಣ್ಣ. ನೀನು ಬರಿಗೈಯಲ್ಲಿ ತಡಕಿಕೊಂಡು ಹೋಗು. ಇದನ್ನು ನಾನು ಗುಹೆಯ ಬಾಯಿಗೆ ಇಳಿಬಿಡುತ್ತೇನೆ. ಅವತ್ತು ಕೆಸರಿನಲ್ಲಿ ನಿನಗೆ ದೂರದಿಂದ ಕಂಡದ್ದು ಇದೇ ಅಲ್ವಾ? ಈಗಲೂ ಕಾಣುತ್ತದೆ. ಎಲ್ಲಿ ಬಿಳಿ ಉಂಟೋ ಅಲ್ಲಿ ಬಾಗಿಲು."

ಹೊಸ ಸೆಲ್ ಹಾಕುತ್ತಾರೆ. ಉರಿಯುತ್ತದೆ. ಶೀನಣ್ಣನ ಸೊಂಟಕ್ಕೆ ಹಗ್ಗದ ಗಂಟು ಹಾಕಿ ಎರಡು ಸಲ ಜಗ್ಗಿ ನೋಡುತ್ತಾರೆ. ಮತ್ತೊಂದು ಹಗ್ಗದಲ್ಲಿ ಟಾರ್ಚ್ ಇಳಿಯುತ್ತದೆ. ಕಂದು ನೀರು ಒಳಗಿನಿಂದ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಮೊದಲ ಸಲ ಬರಿಗೈ. ಎರಡನೆಯ ಸಲವೂ ಬರಿಗೈ. ಉಸಿರು ಕಟ್ಟಿ ಮೇಲೆ ಬಂದವರ ತುಟಿ ನೀಲಿಯಾಗಿದೆ. ವಿನೋದಕ್ಕ "ಸಾಕು" ಎನ್ನುವ ಮೊದಲೇ ಮತ್ತೆ ಮುಳುಗುತ್ತಾರೆ. ಹಗ್ಗ ಸರಿಯುತ್ತದೆ, ನಿಲ್ಲುತ್ತದೆ. ವಿನೋದಕ್ಕನ ಬೆರಳ ಗೆಣ್ಣುಗಳು ಬೆಳ್ಳಗಾಗಿವೆ. ನಾನು ಪೆನ್ನು ಕಿಸೆಗಿಟ್ಟು ಹಗ್ಗದ ಹತ್ತಿರ ಹೋಗಿ ನಿಲ್ಲುತ್ತೇನೆ. ಆಮೇಲೆ ಕೆಳಗಿನಿಂದ ಎರಡು ಎಳೆತ. ಬಿಳಿ ನೀರಿನ ನಡುವಿನಿಂದ ಮೊದಲು ಶೀನಣ್ಣನ ನರೆತ ತಲೆ, ಅದರ ಹಿಂದೆ ಚಂಪಾಳ ಗಂಡ.

ಅಳು, ಚಾಪೆ, ಪೊಲೀಸರ ಪ್ರಶ್ನೆ, ಎಲ್ಲ ನಡೆಯುತ್ತಿರುವಾಗ ಅಣ್ಣ ತಂಗಿ ಒಂದು ಬದಿಯಲ್ಲಿ ಕುಳಿತು ಫ್ಲಾಸ್ಕಿನ ಚಹಾ ಕುಡಿಯುತ್ತಾರೆ. ಮುಂದೆ ಎಂತ ಎಂದು ಕೇಳುತ್ತೇನೆ. "ಮಣಿಪಾಲಕ್ಕೆ ಹೋಗುತ್ತೇನೆ," ಎನ್ನುತ್ತಾರೆ ಶೀನಣ್ಣ. "ಅಷ್ಟರವರೆಗೆ ಯಾರೂ ನೀರಿಗೆ ಬೀಳದಿದ್ದರೆ ಸಾಕು. ಬೇರೆ ಆಸೆ ಎಂತದೂ ಇಲ್ಲ."

ವಿನೋದಕ್ಕ ಟಾರ್ಚನ್ನು ಆರಿಸಿ ಪಂಚೆಯಿಂದ ಒರೆಸುತ್ತಿದ್ದಾರೆ. ತಲೆಯೆತ್ತದೆ, ತುಳುವಿನಲ್ಲಿ, ಸಂತೆಯ ಮಾತು ಆಡಿದಷ್ಟು ಸಾದಾ ದನಿಯಲ್ಲಿ ಹೇಳುತ್ತಾರೆ: "ನೀನು ಅವರಿಗೆ ಕೊಟ್ಟದ್ದು ಒಳ್ಳೆಯ ಟಾರ್ಚೇ ಅಣ್ಣ."

ಶೀನಣ್ಣ ಚಹಾದ ಲೋಟವನ್ನು ಕೆಳಗಿಡುತ್ತಾರೆ. ಸರಿಯಾಗಿ ಕಾಣದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ಕೇಳುತ್ತಾರೆ.

"ಎಂತ ಹೇಳಿದಳು ಇವಳು? ನೀವೂ ಕೇಳಿದಿರಿ ಅಲ್ವಾ?"