ಎರಡು ಕಾಲಿನ ಪ್ರಶ್ನೆ

ಅವರ ಬಲಗೈ ತೋರುಬೆರಳು ಸದಾ ನೇರಳೆ. ರಾಮನಗರದ ಲೈಬ್ರರಿಯಲ್ಲಿ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತಿ ಒತ್ತಿ ಹತ್ತಿದ ಶಾಯಿ ಅದು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆ ಬೆರಳು ನಮ್ಮ ಕಡೆ ತಿರುಗಿದರೆ ನಾವು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆವು. ಸುತ್ತಲ ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ಕ್ವಿಜ್ ನಡೆಸುತ್ತಿದ್ದವರು ಈ ಲೈಬ್ರರಿ ಸಾರೇ.

ಟೆಂಟ್ ಸಿನಿಮಾದವರು ಜಟಕಾದಿಂದ ಎಸೆದ ಗುಲಾಬಿ ಕರಪತ್ರಗಳನ್ನು ಆಯ್ದು ತಂದು, ಅವುಗಳ ಹಿಂಬದಿಯಲ್ಲಿ ಪ್ರಶ್ನೆ ಬರೆಯುತ್ತಿದ್ದರು. ಪ್ರಶ್ನೆಗೆ ಎರಡು ಕಾಲಿರಬೇಕು, ಒಂದು ಪುಸ್ತಕದಲ್ಲಿ, ಒಂದು ಟೆಂಟಿನಲ್ಲಿ ಎನ್ನುವುದು ಅವರ ಹಟ. ನಮ್ಮ ಹೆಡ್‌ಮಿಸ್‌ಗೆ ಇದು ಕಂಡರಾಗದು, ನನಗೂ ಅಷ್ಟೆ. ಇನ್ನೊಂದು ವಿಚಿತ್ರ ನಿಯಮವಿತ್ತು. ಇಬ್ಬರ ತಂಡದಲ್ಲಿ ಉತ್ತರ ಗೊತ್ತಿದ್ದವರು ತಾವೇ ಹೇಳುವಂತಿಲ್ಲ. ಪಕ್ಕದವರ ಕಿವಿಯಲ್ಲಿ ಹೇಳಬೇಕು, ಪಕ್ಕದವರು ಎದ್ದು ಹೇಳಬೇಕು.

ನಾನು ಟೆಂಟಿನ ಬಾಗಿಲೇ ಕಾಣದ ಫಸ್ಟ್ ರ‍್ಯಾಂಕಿನವಳು. ನನ್ನ ಜೋಡಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ವಾರಕ್ಕೊಂದು ಸಿನಿಮಾ ನೋಡುತ್ತಿದ್ದ, ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ. ಗೆದ್ದವರಿಗೆ ಬಹುಮಾನ ತಲಾ ಒಂದು ಲೈಬ್ರರಿ ಕಾರ್ಡು. ನನಗೆ ನಮ್ಮಪ್ಪನ ಕಾರ್ಡಿತ್ತು. ಅವಳ ಅಬ್ಬಾಗೆ ಜಾಮೀನು ಸಹಿ ಹಾಕಿಕೊಡುವವರು ಯಾರೂ ಸಿಕ್ಕಿರಲಿಲ್ಲ. ಪುಸ್ತಕ ಮನೆಗೆ ಒಯ್ಯಬೇಕೆಂದರೆ ಅವಳಿಗೆ ಇದೊಂದೇ ದಾರಿ.

ಆ ವರ್ಷ ಕೊನೆಯ ಪ್ರಶ್ನೆಗೆ ಬರುವಾಗ ಕನಕಪುರದ ಹುಡುಗರು ನಮಗಿಂತ ಒಂದು ಅಂಕ ಮುಂದಿದ್ದರು. ಸಾರ್ ಚೀಟಿ ಬಿಡಿಸಿದರು.

"ಮಾಗಡಿ ರಸ್ತೇಲಿ ಮುಂದಕ್ಕೆ ತಿರುಗ್ತದೆ, ಟೆಂಟಲ್ಲಿ ನೋಡುದ್ರೆ ಹಿಂದಕ್ಕೆ ತಿರುಗ್ತದೆ. ಏನದು? ಯಾಕೆ?"

ಪಕ್ಕದವಳು ನನ್ನ ತೋಳು ಜಗ್ಗಿದಳು. ಅಷ್ಟರಲ್ಲಿ ಕನಕಪುರದವನ ಕೈ ಮೇಜಿನ ಮೇಲಿದ್ದ ಸೈಕಲ್ ಬೆಲ್ಲಿನತ್ತ ಸರಿಯುವುದು ಕಂಡಿತು. ನಾನು ಅವಳ ಕೈ ಕೊಡವಿ ನಮ್ಮ ಬೆಲ್ ಹೊಡೆದುಬಿಟ್ಟೆ. ಸಿನಿಮಾದ ರೀಲು, ಆಟ ಮುಗಿದ ಮೇಲೆ ಹಿಂದಕ್ಕೆ ಸುತ್ತುತ್ತಾರೆ ಎಂದೆ.

ಸಾರ್ ಕೇಳಿದರು, "ಪಕ್ಕದೋಳು ಯೋಳಿದ್ದಾ ಇದು?"

"ಹೌದು ಸಾರ್, ಇವಳೇ ಹೇಳಿದ್ದು" ಎಂದುಬಿಟ್ಟೆ.

ಸಾರ್ ತಪ್ಪೆಂದು ತಲೆಯಾಡಿಸಿದರು, ಸೇರಿದ್ದವರೆಲ್ಲ ಅವಳನ್ನು ನೋಡಿ ನಕ್ಕರು. ವಾರ ವಾರ ಟೆಂಟಿಗೆ ಹೋಗುವವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಹೆಡ್‌ಮಿಸ್ ಗೊಣಗಿದರು. ನಾನು ಕುಳಿತಾಗ ಅವಳು ನೆಲ ನೋಡುತ್ತ, "ಗಾಡಿ ಚಕ್ರ" ಎಂದಳು, ಅಷ್ಟೆ. ಯಾಕೆ ಎನ್ನುವುದು ನನಗೆ ತಟ್ಟನೆ ಹೊಳೆಯಿತು. ಸಿನಿಮಾ ಎಂದರೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳು. ಎರಡು ಚಿತ್ರಗಳ ನಡುವೆ ಚಕ್ರದ ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಇನ್ನೇನು ತಲುಪಬೇಕು, ಸ್ವಲ್ಪ ಹಿಂದೆ ಉಳಿದಿರುತ್ತದೆ. ಕಣ್ಣು ಮೋಸಹೋಗುತ್ತದೆ. ಆದರೆ ನಾನು ಅದನ್ನು ನುಂಗಿಕೊಂಡೆ. ಸಾರ್ ಕೂಡ ಉತ್ತರ ಹೇಳದೆ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಕಾರ್ಡುಗಳು ಕನಕಪುರಕ್ಕೆ ಹೋದವು.

ತಪ್ಪು ನನ್ನದು, ಸಿಟ್ಟು ಮಾತ್ರ ಸಾರ್ ಮೇಲೆ. ಎಲ್ಲರೆದುರು ಯಾಕೆ ಕೇಳಬೇಕಿತ್ತು? ವರ್ಷಗಟ್ಟಲೆ ಲೈಬ್ರರಿಯ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ, ನಾನು ಟೀಚರಾಗಿ ತಲೆ ನರೆತ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಆ ಬೆರಳು ಬೆಳ್ಳಗಾಗಿತ್ತು. ಅದನ್ನು ನೋಡಿ ಅಳು ಬಂತು. ಅವತ್ತು ಸುಳ್ಳು ಹೇಳಿದ್ದೆ ಸಾರ್ ಎಂದೆ.

"ಗೊತ್ತಿತ್ತು ಕಣವ್ವ. ಆಮೇಲೆ ಆ ಮಗೀಗೆ ನಾನೇ ಸಹಿ ಹಾಕಿ ಕಾರ್ಡು ಮಾಡಿಸ್ದೆ. ಈಸ್ಕೊಳಕ್ಕೆ ಬರ್ನೇ ಇಲ್ಲ." ಒಸಿ ಉಸಿರು ತೆಗೆದುಕೊಂಡು ಕೇಳಿದರು, "ಇದ್ನ ನಂಗ್ಯಾಕೆ ಯೋಳ್ತೀಯೆ? ಪಕ್ಕದೋಳ್ಗೆ ಯೋಳಿದ್ಯಾ?"

ಹೇಳಿರಲಿಲ್ಲ. ಆ ವಾರವೇ ಅವರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ನೇರವಾಗಿ ಚನ್ನಪಟ್ಟಣದ ಬಸ್ಸು ಹತ್ತಿ, ಅವಳ ಗಂಡನ ಮನೆ ಹುಡುಕಿದೆ. ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ.

"ಅದಿರ್ಲಿ," ಎಂದಳು. "ಚಕ್ರ ಯಾಕೆ ಹಿಂದಕ್ಕೆ ತಿರುಗ್ತದೆ? ನೀನು ನಂಗೆ ಹೇಳ್ಲೇ ಇಲ್ಲ."