ಟೇಪಿನ ಗಾಜಿನ ಮೇಲೆ ನಾಗೇಶನ ಹೆಸರು

ಎರಡು ವರ್ಷದ ಹಿಂದಿನ ಬ್ಯಾಸಗಿಯ ಮಾತು. ಆಗಲೂ ಈಗಲೂ ಹುಮನಾಬಾದಿನಲ್ಲಿ ನನ್ನದೊಂದು ಅಂಗಡಿ. ಮೊಬೈಲ್ ರಿಪೇರಿ ಮಾಡುತ್ತೇನೆ, ಟ್ರ್ಯಾಕ್ಟರು ಜೀಪುಗಳಿಗೆ ಹಾಡಿನ ಟೇಪು ಕೂರಿಸುತ್ತೇನೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆದರೆ ನಾನು ಎಳೆದ ವೈರನ್ನು ಇನ್ನೊಬ್ಬ ಬಿಚ್ಚಿ ಸರಿಮಾಡಿದ್ದು ಇವತ್ತಿನ ತನಕ ಇಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಬಸವಕಲ್ಯಾಣ ತಾಲೂಕಿನಲ್ಲಿ, ಮೋರಖಂಡಿ ಕಡೆಯ ಒಂದು ಊರಿಗೆ ಮದುವೆಗೆ ಹೋಗಿದ್ದೆ. ಮದುಮಗನ ಮನೆಯ ಟ್ರ್ಯಾಕ್ಟರಿಗೆ ಟೇಪು, ದೊಡ್ಡ ಸ್ಪೀಕರ್ ಬಾಕ್ಸು ಕೂರಿಸಿದವನು ನಾನೇ. ಮಧ್ಯಾಹ್ನ ಮೆರವಣಿಗೆ ಹೊರಟಿತು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಆ ಮನೆಯಲ್ಲೇ ದುಡಿಯುವ ನಾಗೇಶ, ಎರಡು ಮಕ್ಕಳ ತಂದೆ. ಹಾಡು ಬರುತ್ತಿದ್ದದ್ದು ಅವನ ಫೋನಿನಿಂದ, ಬ್ಲೂಟೂತ್ ಮೇಲೆ.

ಇಲ್ಲಿ ಮೂರು ಶಬ್ದ ತಿಳಿದಿರಬೇಕು. ಪೇರಿಂಗ್ ಎಂದರೆ ಫೋನಿಗೂ ಟೇಪಿಗೂ ಆಗುವ ಮೊದಲ ಪರಿಚಯ. ಒಮ್ಮೆ ಆದರೆ ಅವೆರಡೂ ಮರೆಯುವುದಿಲ್ಲ, ನಾವೇ ಅಳಿಸಬೇಕು. ಕನೆಕ್ಟ್ ಎಂದರೆ ಈ ಗಳಿಗೆಯಲ್ಲಿ ಕೂಡಿಕೊಂಡಿರುವುದು. ರೇಂಜ್ ಎಂದರೆ ಎಷ್ಟು ದೂರದ ತನಕ ಸಿಗುತ್ತದೆ ಅನ್ನುವುದು. ಸುಮಾರು ಹತ್ತು ಮೀಟರ್ ಅನ್ನಿ, ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ.

ಕಾಶಿನಾಥ ಕಾಕಾನ ಮನೆ ಮುಂದೆ ಓಣಿ ಸಣ್ಣದು. ಗಾಡಿ ಹೊರಳಿಸಲು ನಾಗೇಶ ನಿಲ್ಲಿಸಿದ. ಹೊಲದ ಬದುವಿನ ಸಲುವಾಗಿ ಆ ವರ್ಷವಷ್ಟೇ ಕಾಕಾಗೂ ಮದುವೆ ಮನೆಗೂ ಮಾತು ನಿಂತಿತ್ತು. ಹಾಡು ಥಟ್ಟನೆ ಬಂದ್ ಆಯಿತು. ಮರುಗಳಿಗೆಗೆ ಬಾಕ್ಸು ಒದರಿತು:

"ಏ ಹರಾಮಖೋರ, ಹೊರಗ ಬಾರಲೇ! ನಿಮ್ಮಪ್ಪನ ಕಾಲದಿಂದ ಕಳ್ಳರು ನೀವು!"

ಯಾರೋ ಇಬ್ಬರು ಜಗಳಾಡುವ ವಿಡಿಯೋದ ಮಾತು ಅದು. ಆದರೆ ಬದುವಿನ ಜಗಳ ಇದ್ದ ಮನೆ ಮುಂದೆ! ಆವಾಜು ಏರುತ್ತಲೇ ಹೋಯಿತು. ಕಾಕಾ, ಅವನ ಇಬ್ಬರು ಗಂಡುಮಕ್ಕಳು ಬಡಿಗೆ ಹಿಡಿದು ಹೊರಗೆ ಬಂದೇಬಿಟ್ಟರು.

ದೊಡ್ಡ ಮಗ ಟ್ರ್ಯಾಕ್ಟರ್ ಏರಿ ಟೇಪಿನ ಗಾಜು ನೋಡಿದ. ಯಾವ ಫೋನು ಕನೆಕ್ಟ್ ಆಗಿದೆಯೋ ಅದರ ಹೆಸರು ಅಲ್ಲಿ ಬರುತ್ತದೆ. ನಾಗೇಶ ಎಂದು ಬಂದಿತ್ತು. ಅಷ್ಟು ಸಾಕಾಯಿತು. ಕೂದಲು ಹಿಡಿದು ಅವನನ್ನು ಕೆಳಗೆ ಎಳೆದರು. ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಎರಡನೇದನ್ನು ತಡೆಯಲು ಎತ್ತಿದ ಎಡಗೈ ಲಟಕ್ ಅಂದದ್ದು ನನಗೆ ಕೇಳಿಸಿತು. ಬಿಳೀ ಅಂಗಿ ರಕ್ತದಲ್ಲಿ ತೊಯ್ದು ಬೆನ್ನಿಗೆ ಅಂಟಿತು.

"ಅಣ್ಣಾ, ನನ್ನ ಫೋನ್ ಬಂದ್ ಐತ್ರಿ! ಚಾರ್ಜ್ ಹೋಗ್ಯಾದ್ರಿ!" ಅಂತ ಚೀರುತ್ತಿದ್ದ.

ಸಣ್ಣ ಮಗ ಆ ಫೋನು ಕಿತ್ತು ಕಲ್ಲಿನ ಮೇಲಿಟ್ಟು ಜಜ್ಜಿ ಪುಡಿ ಮಾಡಿದ. ಇತ್ತ ಮದುಮಗನ ಕಡೆಯವರೂ ಕಲ್ಲು ಆರಿಸತೊಡಗಿದ್ದರು. ದೊಡ್ಡ ಮಗ ನಾಗೇಶನ ಬಲಗೈಯನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಒತ್ತಿ ಹಿಡಿದ. ತಮ್ಮನ ಕೈಯಲ್ಲಿ ಅದೇ ಕಲ್ಲು.

"ಈ ಕೈಲೇ ಒತ್ತಿದಿ ಹೌದಿಲ್ಲೋ? ಇನ್ನ ಸ್ಟೇರಿಂಗ್ ಹ್ಯಾಂಗ ಹಿಡೀತಿ ನೋಡ್ತೀನಿ!"

ನಾನು ನಡುವೆ ನುಗ್ಗಿದೆ. ನನ್ನ ಹೆಗಲಿಗೂ ಒಂದು ಬಿತ್ತು. ಟ್ರ್ಯಾಕ್ಟರಿನ ಮೆಟ್ಟಿಲು ಹಿಡಿದು ಮೇಲೆ ನೋಡಿದೆ. ಗಾಜಿನ ಮೇಲೆ ಇನ್ನೂ ನಾಗೇಶ ಎಂದೇ ಇತ್ತು.

"ಕಲ್ಲು ಇಳಸೋ! ಅವನ ಫೋನ್ ಪುಡಿಪುಡಿ ಆಗಿ ಬಿದ್ದದ. ಮತ್ತ ಇದರಾಗ ನಾಗೇಶ ಅಂತ ಯಾಂವ ಕುಂತಾನ?"

ಕಲ್ಲು ಎತ್ತಿದಲ್ಲೇ ನಿಂತಿತು. ಯಾವ ಫೋನೆಂದು ನನಗೆ ಹೊಳೆದಿತ್ತು. ಬದುವಿನ ಜಗಳಕ್ಕೆ ಮೊದಲು ನಾಗೇಶ, ಇದೇ ಟೇಪಿಗೆ ಪೇರಿಂಗ್ ಆಗಿದ್ದ ತನ್ನ ಹಳೇ ಫೋನನ್ನು ಕಾಶಿನಾಥ ಕಾಕಾಗೆ ಮಾರಿದ್ದ. ಅದಕ್ಕೆ ಹೊಸ ಗಾಜು ಹಾಕಿಸಲು ಕಾಕಾ ನನ್ನ ಅಂಗಡಿಗೇ ಬಂದಿದ್ದ. ನಮ್ಮ ಕಡೆ ಸಿಮ್ ತೆಗೆದರೆ ಫೋನು ಖಾಲಿ ಆಯಿತು ಎಂದೇ ಲೆಕ್ಕ. ಒಳಗಿನ ಹೆಸರೂ ಪೇರಿಂಗೂ ಯಾರಿಗೂ ನೆನಪಾಗುವುದಿಲ್ಲ.

"ಕಾಕಾ, ನಿಮ್ಮ ಫೋನ್ ತಗೀರಿ."

"ನಂದ್ಯಾಕ? ಅದು ಮೂಕ ಆಗ್ಯಾದ. ಈಗಿನ್ನ ಒಳಗ ಕಟ್ಟಿ ಮ್ಯಾಲ ಕುಂತು ಯಾರೋ ಕಳಿಸಿದ ವಿಡಿಯೋ ಹಚ್ಚಿದೆ. ಎಷ್ಟು ಒತ್ತಿದ್ರೂ ಆವಾಜೇ ಇಲ್ಲ."

ಫೋನು ಇಸಕೊಂಡು ಅದೇ ವಿಡಿಯೋ ಒತ್ತಿದೆ. ಫೋನು ಗಪ್ಪು. ಟ್ರ್ಯಾಕ್ಟರಿನ ಬಾಕ್ಸು ಓಣಿ ನಡುಗುವಂತೆ ಒದರಿತು: "ಏ ಹರಾಮಖೋರ, ಹೊರಗ ಬಾರಲೇ!"

ನಾಗೇಶನ ಫೋನು ಆರಿದೊಡನೆ ಟೇಪು ತನ್ನ ಹಳೇ ಪರಿಚಯದವನನ್ನು ಹುಡುಕಿತ್ತು. ಆ ಹಳೇ ಫೋನು ಐದಾರು ಮೀಟರ್ ದೂರದಲ್ಲಿ, ಬಾಗಿಲ ಒಳಗಿನ ಕಟ್ಟೆಯ ಮೇಲೇ ಸಿಕ್ಕಿತ್ತು. ಆವಾಜು ಏರಿಸಿದ್ದೂ ಕಾಕಾನ ಬೆರಳೇ.

ಮೆರವಣಿಗೆಯಲ್ಲಿದ್ದ ಮುದುಕಿಯೊಬ್ಬಳು, "ಕಾಶ್ಯಾ, ನಿನ್ನ ನೀನೇ ಬೈದು ಕರಕೊಂಡು ಹೊರಗ ಬಂದಿಯಲ್ಲೋ!" ಅಂದಳು. ಯಾರೋ ನಕ್ಕರು. ಕಾಕಾನ ಮೋರೆ ಕಪ್ಪಿಟ್ಟಿತು. ಮಗನ ಕೈಯಿಂದ ಬಡಿಗೆ ಕಿತ್ತುಕೊಂಡು ಮೇಲೇರಿ ಟೇಪಿಗೆ ಹೊಡೆದ, ಗಾಜು ಒಡೆದು ಹೆಸರು ಹೋಗುವ ತನಕ. ಆಮೇಲೆ ಬಡಿಗೆ ಬಿಸಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾಗೇಶನ ಮೋರೆಯತ್ತ ನೋಡಲೂ ಇಲ್ಲ.

ನಾವು ನಾಗೇಶನನ್ನು ಜೀಪಿಗೆ ಹಾಕಿ ಬಸವಕಲ್ಯಾಣದ ದವಾಖಾನೆಗೆ ಒಯ್ದೆವು. ಎಡಗೈ ಕೂಡಿತು. ಎಡಗಿವಿ ಹೋಯಿತು.

ಗಾಜಿನ ಮೇಲೆ ಬರುವುದು ಯಂತ್ರದ ಹೆಸರು, ಮನುಷ್ಯನದಲ್ಲ. ನನ್ನ ಕಸಬು ನನಗೆ ಕಲಿಸಿದ್ದು ಇದು. ಕನೆಕ್ಟ್ ಆಗಿದೆ ಅನ್ನುವುದನ್ನು ಅದು ಹೇಳುತ್ತದೆ, ಒತ್ತಿದ ಕೈ ಯಾರದೆಂದು ಹೇಳುವುದಿಲ್ಲ. ಈಗ ನನ್ನ ಅಂಗಡಿಯಲ್ಲಿ ಹಳೇ ಫೋನು ಕೈ ಬದಲಾಯಿಸುವಾಗ ಎಷ್ಟೇ ಅವಸರ ಇದ್ದರೂ ಇಬ್ಬರನ್ನೂ ಎದುರಿಗೆ ಕೂರಿಸಿ ರೀಸೆಟ್ ಮಾಡಿಯೇ ಕೊಡುತ್ತೇನೆ.

ಮೂರು ತಿಂಗಳಾದ ಮೇಲೆ ಅದೇ ಟ್ರ್ಯಾಕ್ಟರು ಹೊಸ ಟೇಪಿಗಾಗಿ ನನ್ನ ಅಂಗಡಿಗೆ ಬಂತು. ನಾಗೇಶನೇ ಓಡಿಸಿಕೊಂಡು ಬಂದಿದ್ದ. ಕೂರಿಸಿ ಮುಗಿಸಿ, ಪೇರಿಂಗ್ ಮಾಡೋಣ, ಫೋನ್ ಕೊಡು ಅಂದೆ. ಅವನು ಬಲಗಿವಿ ನನ್ನ ಕಡೆ ತಿರುಗಿಸಿದ. ಇನ್ನೊಮ್ಮೆ ಹೇಳಿದೆ.

ಕಿಸೆಗೆ ಕೈ ಹಾಕಿ ಒಂದು ಪೆನ್‌ಡ್ರೈವ್ ತೆಗೆದ. "ಬ್ಯಾಡ ಅಣ್ಣಾ. ಇದನ್ನ ಹಚ್ಚು."